ನಡುವಟ್ಟಂ ಇಳಿಜಾರಿನ ಚೀನೀಯರು ಮತ್ತು ಅವರ ಹಬ್ಬಗಳು

ಉದಕಮಂಡಲದಿಂದ ಗೂಡಲೂರಿಗೆ ಇಳಿಯುವ ದಾರಿಯಲ್ಲಿ, ನಡುವಟ್ಟಂನ ಚಹಾ ತೋಟಗಳ ನಡುವೆ ಹಳೆಯ ಸೆರೆಮನೆಯೊಂದಿದೆ. 1860ರ ದಶಕದಲ್ಲಿ ಮೆಕೈವರ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನೀಲಗಿರಿಯಲ್ಲಿ ಸಿಂಕೋನಾ ಮರಗಳನ್ನು ಬೆಳೆಸಲಾಯಿತು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ದೊರೆಯುವುದು ಅದರ ತೊಗಟೆಯಿಂದ. ಆ ತೋಟಗಳ ದುಡಿಮೆಗೆ ಕೈದಿಗಳನ್ನು ತಂದರು. ಅವರಲ್ಲಿ ಮಲಾಕ್ಕಾ ಜಲಸಂಧಿಯ ಬ್ರಿಟಿಷ್ ವಸಾಹತುಗಳಿಂದ ಗಡೀಪಾರಾಗಿ ಬಂದ ಚೀನೀಯರೂ ಇದ್ದರು.

ಶಿಕ್ಷೆ ಮುಗಿದ ಮೇಲೆ ಕೆಲವರು ಇಲ್ಲಿಯೇ ನೆಲೆನಿಂತರು. ತಮಿಳು ದಲಿತ ಸ್ತ್ರೀಯರನ್ನು ವರಿಸಿ, ನಡುವಟ್ಟಂ ಮತ್ತು ಗೂಡಲೂರುಗಳ ನಡುವಣ ಇಳಿಜಾರಿನಲ್ಲಿ ತರಕಾರಿ, ಸ್ವಲ್ಪ ಕಾಫಿ ಬೆಳೆದು ಬದುಕಿದರು. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತು 1909ರಲ್ಲಿ ಏಳು ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್ ಇವರನ್ನು ಕಂಡು ಬರೆದಿದ್ದಾನೆ. ಆತನ ಗಮನವೆಲ್ಲ ಮೈಬಣ್ಣ, ಕಣ್ಣು, ಮೂಗುಗಳ ಮೇಲೆ. ಆದರೂ ಒಂದು ಮಾತು ಮನ ತಟ್ಟುತ್ತದೆ: ಆ ಕುಟುಂಬದ ಹಿರಿಯನಿಗಿದ್ದ ಒಂದೇ ಕೊರಗೆಂದರೆ, ಕ್ರೈಸ್ತನಾಗುವಾಗ ತನ್ನ ಜಡೆಯನ್ನು ಕತ್ತರಿಸಬೇಕಾಯಿತೆಂಬುದು. ಆ ಕಾಲದ ಚೀನಾದಲ್ಲಿ ಗಂಡಸರ ಜಡೆ ಬರಿಯ ಶೃಂಗಾರವಾಗಿರಲಿಲ್ಲ. ಮಂಚು ಅರಸರಿಗೆ ನಿಷ್ಠೆಯ ಗುರುತಾಗಿತ್ತು.

ಅಂಥವನು ಕಳೆದುಕೊಂಡ ಹಬ್ಬಗಳು ಯಾವುವು? ಮೊದಲನೆಯದು ಹೊಸವರ್ಷ. ಅದಕ್ಕೆ ಕೆಲವು ದಿನ ಮುಂಚೆ ಒಲೆಯ ದೇವರು ಸ್ವರ್ಗಕ್ಕೆ ಹೋಗಿ ಮನೆಯವರ ವರ್ಷದ ನಡತೆಯನ್ನು ವರದಿ ಮಾಡುತ್ತಾನಂತೆ. ಅವನ ಬಾಯಿಯಿಂದ ಸವಿಮಾತೇ ಬರಲೆಂದು ಅಂಟಂಟಾದ ಸಿಹಿಯನ್ನು ಅರ್ಪಿಸುತ್ತಾರೆ. (ದೇವರಿಗೂ ಲಂಚವೇ ಎಂದು ಮಕ್ಕಳು ಕೇಳಿದರೆ ಉತ್ತರಿಸುವುದು ಕಷ್ಟ!) ಮನೆಯನ್ನು ಗುಡಿಸಿ, ಬಾಗಿಲಿಗೆ ಕೆಂಪು ಕಾಗದದ ಶುಭನುಡಿಗಳನ್ನು ಅಂಟಿಸುತ್ತಾರೆ. ಹಬ್ಬದ ದಿನ ಮಾತ್ರ ಪೊರಕೆ ಮುಟ್ಟುವಂತಿಲ್ಲ. ಭಾಗ್ಯವೂ ಕಸದೊಡನೆ ಹೊರಟುಹೋದೀತೆಂಬ ಭಯ. ಮುನ್ನಾದಿನದ ರಾತ್ರಿ ಎಲ್ಲಿದ್ದವರೂ ಮನೆಗೆ ಮರಳಿ ಒಟ್ಟಿಗೆ ಉಣ್ಣಬೇಕು. ಹಿರಿಯರು ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹಣ ಕೊಡುತ್ತಾರೆ. ಇಂದು ಆ ಲಕೋಟೆ ಮೊಬೈಲಿನಲ್ಲಿಯೂ ಬರುತ್ತದೆ.

ಏಪ್ರಿಲ್ 4 ಅಥವಾ 5ರ ಸುಮಾರಿಗೆ ಬರುವ ಛಿಂಗ್‌ಮಿಂಗ್ ದಿನ ಹಿರಿಯರ ಗೋರಿಗಳನ್ನು ಶುಚಿಗೊಳಿಸಿ ನೈವೇದ್ಯ ಇಡುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆಯನ್ನು, ನೆರೆಯ ಬಡಗರು ಬಿಳಿಯುಟ್ಟು ಆಚರಿಸುವ ಹೆತ್ತೆ ಹಬ್ಬವನ್ನು ಬಲ್ಲವರಿಗೆ ಇದರ ಭಾವ ತಿಳಿಯದಿರದು. ಎಂಟನೆಯ ತಿಂಗಳ ಹುಣ್ಣಿಮೆಗೆ ಚಂದ್ರನನ್ನು ನೋಡುತ್ತ ದುಂಡನೆಯ ಸಿಹಿ ಕಡುಬನ್ನು ಹಂಚಿ ತಿನ್ನುವ ಹಬ್ಬವೂ ಮನೆಮಂದಿ ಕೂಡಿದಾಗಲೇ ಸಂಪೂರ್ಣ. ನೋಡಿದರೆ, ಇವೆಲ್ಲವೂ ಊರಿಗೆ ಮರಳುವವರ ಹಬ್ಬಗಳು. ಕಡಲಾಚೆ ತಳ್ಳಲ್ಪಟ್ಟ ಕೈದಿಗೆ ಮರಳಲು ಮನೆಯೂ ಇರಲಿಲ್ಲ, ಗುಡಿಸಲು ತಂದೆಯ ಗೋರಿಯೂ ಕೈಗೆಟುಕುತ್ತಿರಲಿಲ್ಲ. ಮಕ್ಕಳ ತಾಯ್ನುಡಿ ತಮಿಳು. ಹಬ್ಬದ ಹೆಸರನ್ನಾದರೂ ಯಾರೊಡನೆ ಉಚ್ಚರಿಸಬೇಕಿತ್ತು?

ಪಂಚಾಂಗದ ಒಂದು ಸಂಗತಿ ನಮ್ಮ ವಿದ್ಯಾರ್ಥಿಗಳಿಗೆ ರುಚಿಸೀತು. ತಮಿಳು ನೆರೆಯವರ ಹೊಸವರ್ಷ ಸೂರ್ಯನನ್ನು ಅನುಸರಿಸಿ ಏಪ್ರಿಲ್ ಮಧ್ಯದಲ್ಲಿ ಬರುತ್ತದೆ. ನಮ್ಮ ಯುಗಾದಿಯೂ ಚೀನೀಯರ ಹೊಸವರ್ಷವೂ ಚಂದ್ರನವು. ಇಬ್ಬರಿಗೂ ಅಮಾವಾಸ್ಯೆಯಿಂದಲೇ ತಿಂಗಳ ಗಡಿ, ಇಬ್ಬರಿಗೂ ಅಧಿಕಮಾಸವುಂಟು. 2024ರಲ್ಲಿ ಅವರದು ಫೆಬ್ರವರಿ 10, ನಮ್ಮದು ಏಪ್ರಿಲ್ 9: ಎರಡು ತಿಂಗಳ ಅಂತರ. 2026ರಲ್ಲಿ ಅವರದು ಫೆಬ್ರವರಿ 17, ನಮ್ಮದು ಮಾರ್ಚ್ 19: ಒಂದೇ ತಿಂಗಳು. ಅವರ ಅಧಿಕಮಾಸ 2025ರಲ್ಲಿ ಬಂದುಹೋಯಿತು, ನಮ್ಮದು 2026ರ ಜ್ಯೇಷ್ಠದಲ್ಲಿ, ಅದೇ ಕಾರಣ.

ಚೀನಾದಲ್ಲಿಯೂ ಹಬ್ಬಗಳು ಸುಗಮವಾಗಿ ಉಳಿದುಬಂದವಲ್ಲ. 1912ರಲ್ಲಿ ಗಣರಾಜ್ಯವು ಪಾಶ್ಚಾತ್ಯ ಪಂಚಾಂಗವನ್ನು ಅಂಗೀಕರಿಸಿತು. ಹಳೆಯ ಹೊಸವರ್ಷಕ್ಕೆ ‘ವಸಂತೋತ್ಸವ’ವೆಂಬ ಹೆಸರಾಯಿತು. 1949ರ ಬಳಿಕ ಅಕ್ಟೋಬರ್ 1 ರಾಷ್ಟ್ರೀಯ ದಿನವಾಯಿತು. ಛಿಂಗ್‌ಮಿಂಗ್ ಹಾಗೂ ಶರತ್ಕಾಲದ ಹುಣ್ಣಿಮೆಗೆ ಸರ್ಕಾರಿ ರಜೆ ದೊರೆತದ್ದು 2008ರಲ್ಲಿ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ವಸಂತೋತ್ಸವವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ ಈ ಹಬ್ಬ ಉಳಿದಿರುವುದು ಮುಖ್ಯವಾಗಿ ಕೋಲ್ಕತ್ತದಲ್ಲಿ. ಅಲ್ಲಿ ಚೀನೀ ಶಾಲೆ, ಗುಡಿ, ಸಂಘಗಳನ್ನು ಕಟ್ಟುವಷ್ಟು ಕುಟುಂಬಗಳು ಒಂದೆಡೆ ನೆಲೆಸಿದ್ದವು. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ಬಂದು ಸಕ್ಕರೆ ಕಾರ್ಖಾನೆ ಸ್ಥಾಪಿಸಿದ ಟಾಂಗ್ ಅಚ್ಯೂ ಎಂಬವನ ಸಮಾಧಿ ಹೂಗ್ಲಿ ನದಿಯ ದಡದ ಅಚಿಪುರದಲ್ಲಿದೆ. ಊರಿಗೆ ಆ ಹೆಸರು ಬಂದದ್ದೂ ಅವನಿಂದಲೇ. ಹೊಸವರ್ಷ ಕಳೆದ ಮೇಲೆ ನಗರದ ಚೀನೀ ಕುಟುಂಬಗಳು ಅಡುಗೆ ಕಟ್ಟಿಕೊಂಡು, ಊದುಬತ್ತಿ ಹಿಡಿದು, ಮಕ್ಕಳೊಡನೆ ಆ ಕೆಂಪು ಸಮಾಧಿಯ ಬಳಿಗೆ ಹೋಗುತ್ತವೆ.