ನಿನ್ನ ಕೂಲಿ ಎಲ್ಲಿ ಬರದಿ?

2017ರ ಮಾತು. ಕುಷ್ಟಗಿಯಲ್ಲಿ ನಾನಾಗ ಪಿಯುಸಿ ಮೊದಲ ವರ್ಷ ಓದುತ್ತಿದ್ದೆ. ವಯಸ್ಸು ಹದಿನಾರು. ಮನೆಯಲ್ಲಿ ಅತ್ತಿ ಬಿಟ್ಟುಹೋದ ಹಳೆಯ ಹೊಲಿಗೆ ಮಷೀನು ಇತ್ತು, ಅದರ ಮೇಲೆ ಜಂಪರ್ ಹೊಲಿಯುವುದನ್ನು ಕಲಿತಿದ್ದೆ.

ನಾಗರ ಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬವದು. ಉಂಡಿ, ಜೋಕಾಲಿ, ಮೈಮೇಲೆ ಇಳಕಲ್ ಸೀರೆ, ಅದಕ್ಕೆ ಜೋಡಿಯಾಗಿ ಗುಳೇದಗುಡ್ಡದ ಖಣದ ಜಂಪರ್. ಹಬ್ಬದ ಮುಂದೆ ಯಾವ ಟೇಲರ್ ಹತ್ತಿರ ಹೋದರೂ ‘ಆಗೂದಿಲ್ರಿ’ ಅನ್ನುವ ಮಾತೇ. ಹಾಗಾದರೆ ಮೂರು ಅಳತೆಯಲ್ಲಿ ಮೊದಲೇ ಹೊಲಿದಿಟ್ಟರೆ ಹೇಗೆ? ಒಳಗೆ ಎರಡು ಇಂಚು ಬಟ್ಟೆ ಬಿಟ್ಟರೆ ಬೇಕಾದಾಗ ಬಿಚ್ಚಿ ಸಡಿಲ ಮಾಡಬಹುದು.

ಅವ್ವ ತನ್ನ ಸ್ತ್ರೀಶಕ್ತಿ ಸಂಘದಿಂದ ಮೂರು ಸಾವಿರ ಎತ್ತಿಕೊಟ್ಟಳು. ಇಳಕಲ್ಲಿಗೆ ಹೋಗಿ ಖಣ ತಂದೆ. ಒಂದು ಜಂಪರಿಗೆ ಖಣ 90, ಲೈನಿಂಗ್ 35, ದಾರ, ಹುಕ್ಕು 10. ಒಟ್ಟು 135 ರೂಪಾಯಿ. ಮಾರಿದ್ದು 200ಕ್ಕೆ. ಇಪ್ಪತ್ತೂ ಹೋದವು. ಖರ್ಚು ಕಳೆದು ಕೈಯಲ್ಲಿ 1,300 ಉಳಿಯಿತು. ಕುಣಿದಾಡುತ್ತ ಅವ್ವನಿಗೆ ಲೆಕ್ಕ ತೋರಿಸಿದೆ.

ಅವ್ವ ಓದಿದವಳಲ್ಲ, ಹೊಲದ ಕೂಲಿಗೆ ಹೋಗುವವಳು. ‘ಒಂದಕ್ಕ ಎಷ್ಟೊತ್ತು ಹಿಡೀತು?’ ಅಂದಳು. ‘ನಾಕ್ ತಾಸು’ ಅಂದೆ. ಬೆರಳು ಮಡಚಿ ಎಣಿಸಿದಳು. ‘ಎಂಬತ್ತು ತಾಸು, ಅಂದ್ರ ಹತ್ತು ದಿನ. ನಾ ಹತ್ತು ದಿನ ಹೊಲಕ್ಕ ಹೋದ್ರ ಹದಿನೈದು ನೂರು ತರ್ತೀನಿ. ನಿನ್ನ ಕೂಲಿ ಎಲ್ಲಿ ಬರದಿ?’

ಬಸ್ ಚಾರ್ಜನ್ನೂ ನಾನು ಬರೆದಿರಲಿಲ್ಲ!

ಅಂದಿನಿಂದ ನೋಟ್‌ಬುಕ್ಕಿನಲ್ಲಿ ‘ನನ್ನ ಕೂಲಿ’ ಅಂತ ಒಂದು ಕಾಲಂ ಹಾಕಿದೆ. ಒಂದೊಂದೇ ಕತ್ತರಿಸುವುದನ್ನು ಬಿಟ್ಟು ಹತ್ತನ್ನು ಒಮ್ಮೆಲೇ ಕತ್ತರಿಸತೊಡಗಿದೆ. ಮೊದಲು ಎಲ್ಲಕ್ಕೂ ತೋಳು, ಆಮೇಲೆ ಎಲ್ಲಕ್ಕೂ ಹುಕ್ಕು. ನಾಲ್ಕು ತಾಸಿನ ಕೆಲಸ ಎರಡೂವರೆಗೆ ಇಳಿಯಿತು. ಬೆಲೆ 240 ಮಾಡಿದೆ. ಜನ ಗೊಣಗಿದರು, ಕೊಂಡರು.

ಎರಡನೇ ಪೆಟ್ಟು ಉದ್ರಿಯದು. ದೀಪಾವಳಿಗೆ ಹೊಲಿದ ನಲವತ್ತರಲ್ಲಿ ಹದಿನೆಂಟು ಉದ್ರಿ ಹೋದವು. 4,320 ರೂಪಾಯಿ ಊರೊಳಗೇ ಸಿಕ್ಕಿಬಿತ್ತು. ಕೇಳಿದರೆ ‘ಸುಗ್ಗಿ ಆಗಲಿ ತಂಗಿ, ಕೊಡ್ತೀನಿ’ ಎನ್ನುತ್ತಿದ್ದರು. ಅವರದು ಸುಳ್ಳಲ್ಲ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಸೀಮೆ. ಜೋಳ, ಕಡಲೆ, ಶೇಂಗಾ ಮಾರಿದಾಗಲೇ ರೊಕ್ಕ. ಗಂಗಾವತಿಯದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು, ಅಲ್ಲಿ ರೊಕ್ಕ ಓಡಾಡುವ ಕಾಲವೇ ಬೇರೆ. ಅಲ್ಲಿದ್ದ ಚಿಗವ್ವನ ಕೈಗೆ ಭತ್ತದ ಕೊಯ್ಲಿನ ಹೊತ್ತಿಗೆ ಹತ್ತು ಜಂಪರ್ ಕಳಿಸಿದೆ. ನಮ್ಮೂರಿನಲ್ಲಿ ಮಾತ್ರ ಬಟ್ಟೆಯ ಖರ್ಚು ಮುಂಗಡ ಇಟ್ಟರಷ್ಟೇ ಉದ್ರಿ ಅಂದೆ. ಮುಂಗಡ ಕೈಗೆ ಬಂದರೆ ಉಳಿದದ್ದು ತಡವಾದರೂ ಮುಂದಿನ ಖಣ ತರುವುದು ನಿಲ್ಲುವುದಿಲ್ಲ.

ಒಮ್ಮೆ ಕೆಂಪು ಖಣ ಬಣ್ಣ ಬಿಟ್ಟು ಒಬ್ಬ ಅಕ್ಕನ ಸೀರೆ ಕೆಟ್ಟಿತು. ರೊಕ್ಕ ತಿರುಗಿ ಕೊಟ್ಟೆ. ಆಮೇಲೆ ಪ್ರತಿ ಖಣದ ಮೂಲೆಯನ್ನೂ ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡದೆ ಕತ್ತರಿ ಹಾಕಿಲ್ಲ.

ಹದಿನೇಳಕ್ಕೆ ಒಬ್ಬ ವ್ಯಾಪಾರಿ ತಿಂಗಳ ಬಾಕಿಯ ಮೇಲೆ ಖಣ ಕೊಡಲು ಒಪ್ಪಿದರು. ಆದರೆ ‘ಹಿರಿಯರ ಸಹಿ ಬೇಕವ್ವಾ’ ಅಂದರು. ಅದು ಸರಿಯೇ. 1872ರ ಭಾರತೀಯ ಒಪ್ಪಂದ ಕಾಯ್ದೆಯಡಿ 18 ತುಂಬದವರು ಮಾಡಿಕೊಂಡ ಒಪ್ಪಂದ ಊರ್ಜಿತವಲ್ಲ. ಹತ್ತು ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲಿ ಅವಕಾಶ ಕೊಟ್ಟಿದೆ, ಆದರೆ ಸಾಲ, ಕರಾರಿಗೆ ದೊಡ್ಡವರೇ ಬೇಕು.

ಅದೇ ದಿನಗಳಲ್ಲಿ ಸಂಬಂಧಿಕರೊಬ್ಬರು ನನಗೆ ವರನ ಸುದ್ದಿ ತಂದಿದ್ದರು. ‘ಹದಿನೆಂಟು ತುಂಬಲಿ, ಮಾತು ಮಾತ್ರ ಮುಗಿಸಿಡೋಣು’ ಅನ್ನುತ್ತಿದ್ದರು. ಅಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

ಸಹಿ ಮಾಡುವ ಮುಂಚೆ ಅಪ್ಪ ನನ್ನ ನೋಟ್‌ಬುಕ್ ಕೇಳಿದ. ಹಾಳೆ ತಿರುವುತ್ತ ಕೂತ. ಒಂದು ಕಾಲಂ ಮೇಲೆ ಬೆರಳಿಟ್ಟು ‘ಇದು ಯಾರ ರೊಕ್ಕ?’ ಅಂದ.

‘ಅದು ನನ್ನ ಕೂಲಿ, ಅಪ್ಪಾ.’

ಮತ್ತೇನೂ ಕೇಳದೆ ಸಹಿ ಮಾಡಿದ. ಮುಂದಿನ ವಾರ ಆ ಸಂಬಂಧಿಕರಿಗೆ ‘ಅಕಿ ಓದು ಮುಗೀಲಿ, ಆಮ್ಯಾಲೆ ನೋಡೋಣು’ ಅಂದದ್ದು ಒಳಗಿದ್ದ ನನಗೆ ಕೇಳಿಸಿತು. ಡಿಗ್ರಿಯ ಮೂರು ವರ್ಷದ ಫೀಯನ್ನು ಆ ಕಾಲಂನಿಂದಲೇ ಕಟ್ಟಿದೆ.

ಇವತ್ತು ನನ್ನದು ಎರಡು ಮಷೀನಿನ ಸಣ್ಣ ಅಂಗಡಿ. ಬಟ್ಟೆ ವ್ಯಾಪಾರ ಮಾಡಬೇಕೆನ್ನುವ ಕಾಲೇಜು ಹುಡುಗಿಯರು ಬಂದು ‘ಎಷ್ಟು ಬಂಡವಾಳ ಬೇಕ್ರಿ ಅಕ್ಕಾ?’ ಅನ್ನುತ್ತಾರೆ. ಮೊದಲು ಒಂದು ನೋಟ್‌ಬುಕ್ ತಗೊಳ್ಳಿ ಅನ್ನುತ್ತೇನೆ. ಅವ್ವ ಈಗಲೂ ಅಂಗಡಿಗೆ ಬಂದರೆ ಗಿರಾಕಿ ಎಷ್ಟು ಬಂದರು ಅಂತ ಕೇಳುವುದಿಲ್ಲ. ‘ಕೂಲಿ ಬರದಿ ಇಲ್ಲೋ?’ ಅನ್ನುತ್ತಾಳೆ.