35 ಗುಂಟೆ ಚಾವಣಿ

ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಯ ಉದ್ದ 216 ಅಡಿ, ಅಗಲ 176 ಅಡಿ. ಗುಣಿಸಿದರೆ 38,016 ಚದರ ಅಡಿ, ಅಂದರೆ ಹತ್ತಿರ ಹತ್ತಿರ 35 ಗುಂಟೆ. ಕಮಲಾಪುರದ ಕೆಂಪು ಬಾಳೆಯ ರೈತ ಇಷ್ಟು ಜಾಗದಲ್ಲಿ ಎಂಟಡಿಗೊಂದು ಗಿಡ ನೆಟ್ಟರೆ 27 ಸಾಲು, ಸಾಲಿಗೆ 22, ಒಟ್ಟು 594 ಗಿಡ ಹಿಡಿಯುತ್ತವೆ. ಅಂಥ ಇಡೀ ತೋಟಕ್ಕೆ ಕಲ್ಲು ಗಾರೆಯ ಚಾವಣಿ ಹೊದಿಸಿದ್ದಾರೆ, ಅದೂ 1367ರಲ್ಲಿ!

ಸಾಮಾನ್ಯವಾಗಿ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಅಂಗಳವಿರುತ್ತದೆ. ಚಾವಣಿ ಸುತ್ತಲಿನ ಪಡಸಾಲೆಗಷ್ಟೇ. ಇಲ್ಲಿ ಅಂಗಳವೇ ಇಲ್ಲ, ಮಿನಾರೂ ಇಲ್ಲ. ಬಹಮನಿ ರಾಜ್ಯ ಹುಟ್ಟಿ ಆಗಿನ್ನೂ 20 ವರ್ಷ. ಒಂದನೇ ಮುಹಮ್ಮದ್ ಷಾ ಆಳುತ್ತಿದ್ದ. ಕಟ್ಟಿದವನು ಇರಾನಿನ ಖಜ್ವೀನ್ ಮೂಲದ ರಫಿ ಎಂದು ಶಾಸನ ಹೇಳುತ್ತದೆ.

1876ರ ತನ್ನ ಗ್ರಂಥದಲ್ಲಿ ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಈ ಮಸೀದಿಯ ಬಗ್ಗೆ ಅಳತೆ ಸಮೇತ ಬರೆದ. ಆದರೆ ಅಳತೆಯಲ್ಲಿ ಭಾರ ಕಾಣುವುದಿಲ್ಲ.

ಗುಮ್ಮಟ ಸುಮ್ಮನೆ ಕೂರುವುದಿಲ್ಲ. ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಪಕ್ಕದ್ದು ಇತ್ತ ತಳ್ಳಿದಾಗ ಎರಡೂ ನಿಲ್ಲುತ್ತವೆ. ಚಾವಣಿಯ ಒಳಭಾಗದಲ್ಲಿ ಅರವತ್ತಕ್ಕೂ ಹೆಚ್ಚು ಚಿಕ್ಕ ಗುಮ್ಮಟಗಳು ಹೀಗೆ ಒಂದಕ್ಕೊಂದು ಆತುಕೊಂಡಿವೆ. ಕಷ್ಟವೆಲ್ಲ ಕೊನೆಯ ಸಾಲಿನದು, ಅದಕ್ಕೆ ಆಚೆಯಿಂದ ಒತ್ತುವವರಿಲ್ಲ. ಅದಕ್ಕೇ ಉತ್ತರ, ದಕ್ಷಿಣ, ಪೂರ್ವ ಮೂರೂ ಕಡೆ ಭಾರಿ ಕಮಾನುಗಳ ಪಡಸಾಲೆ. ಒಳಗೆ ಹೋದವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು: ಕಮಾನಿನ ಕಾಲು ತೀರಾ ಗಿಡ್ಡ, ಬಾಗು ನೆಲದಿಂದ ಸ್ವಲ್ಪ ಮೇಲಕ್ಕೇ ಶುರುವಾಗಿ ದೂರದವರೆಗೆ ಚಾಚುತ್ತದೆ. ಗಿಡ್ಡಗಿದ್ದಷ್ಟೂ ತಳ್ಳಾಟ ಬೇಗ ನೆಲಕ್ಕಿಳಿಯುತ್ತದೆ. ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಗುಮ್ಮಟ, ಪಶ್ಚಿಮಕ್ಕೆ ಎಲ್ಲಕ್ಕಿಂತ ಎತ್ತರದ್ದೊಂದು.

ವಿಜಯಪುರದ ಗೋಳಗುಮ್ಮಟ ನೋಡಿ ಬೆರಗಾಗದವರಿಲ್ಲ, ಆಗಲೇಬೇಕು. ಅದರೊಳಗಿನ ನೆಲ 18,000 ಚದರ ಅಡಿಗಿಂತ ಸ್ವಲ್ಪ ಹೆಚ್ಚು. ಕಲಬುರಗಿಯದು ಅದರ ಇಮ್ಮಡಿಗೂ ಮಿಗಿಲು, ಕಾಲದಲ್ಲಿ ಸುಮಾರು 290 ವರ್ಷ ಹಿರಿದು. ಅಲ್ಲಿ ಒಂದೇ ಗುಮ್ಮಟ ಒಂದೇ ನೋಟಕ್ಕೆ ಸಿಗುತ್ತದೆ. ಇಲ್ಲಿ ಎಲ್ಲಿ ನಿಂತರೂ ಕಂಬದ ಹಿಂದೆ ಕಂಬ, ಕಮಾನಿನ ಹಿಂದೆ ಕಮಾನು. ಗಾತ್ರ ಒಮ್ಮೆಗೇ ಕಣ್ಣಿಗೆ ದಕ್ಕುವುದಿಲ್ಲ. ಪ್ರವಾಸಿಗರು ಇದರ ಹೆಸರನ್ನು ಅಷ್ಟಾಗಿ ಎತ್ತದಿರಲು ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಅಂಗಳ ಬಿಟ್ಟಿದ್ದರೆ ಮಳೆನೀರು ಅಲ್ಲಿಗೇ ಬೀಳುತ್ತಿತ್ತು. ಈಗ ಒಂದೇ ಇಂಚು ಮಳೆ ಸುರಿದರೂ ಚಾವಣಿಯ ಮೇಲೆ ಸುಮಾರು 90 ಸಾವಿರ ಲೀಟರ್ ನೀರು. ಅಷ್ಟೂ ನೀರು ಗುಮ್ಮಟಗಳ ನಡುವಿನ ತಗ್ಗುಗಳಲ್ಲಿ ದಾರಿ ಹುಡುಕಿ ಹೊರಬೀಳಬೇಕು. ಇಂಥ 650ಕ್ಕೂ ಹೆಚ್ಚು ಮಳೆಗಾಲಗಳನ್ನು ಈ ಮಸೀದಿ ದಾಟಿ ಬಂದಿದೆ.