ಕೊಟ್ಟಿಗೆಯ ಲೆಕ್ಕ ಮಕ್ಕಳ ಕೈಗೆ ಕೊಡಿ

ಬೇಸಿಗೆ ರಜೆ ಬಂತೆಂದರೆ ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ನಾವು ಹೇಳುವ ಕೆಲಸಗಳು ಗೊತ್ತೇ ಇವೆ. ಸಗಣಿ ಬಾಚು, ಮೇವು ಹಾಕು, ಕ್ಯಾನು ತೊಳೆ, ಡೇರಿಗೆ ಹಾಲು ಹಾಕಿ ಬಾ. ಕೆಲಸ ಹೇಳುತ್ತೇವೆ, ಲೆಕ್ಕ ಮಾತ್ರ ಹೇಳುವುದಿಲ್ಲ. ಬಟವಾಡೆ ಎಷ್ಟು ಬಂತು, ಪಶು ಆಹಾರಕ್ಕೆ ಎಷ್ಟು ಹೋಯಿತು ಎಂಬ ಮಾತು ದೊಡ್ಡವರ ನಡುವೆಯೇ ಮುಗಿದುಹೋಗುತ್ತದೆ.

ಸೋದರಿಯರೇ, ಒಂದು ಹಸುವಿನ ಲೆಕ್ಕವನ್ನು ಮಗಳಿಗೋ ಮಗನಿಗೋ ಒಪ್ಪಿಸಿ ನೋಡಿ. ಒಂದು ನೋಟ್‌ಬುಕ್ಕು ಸಾಕು. ಎಡಪುಟದಲ್ಲಿ ಆದಾಯ, ಬಲಪುಟದಲ್ಲಿ ಖರ್ಚು.

ಹಸು ದಿನಕ್ಕೆ 10 ಲೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಎರಡೂವರೆ ಲೀಟರಿಗೆ ಒಂದು ಕೆ.ಜಿ.ಯಂತೆ 4 ಕೆ.ಜಿ. ಪಶು ಆಹಾರ, ಹಸುವಿನ ಮೈ ನಿರ್ವಹಣೆಗೆ ಇನ್ನೆರಡು, ಒಟ್ಟು 6 ಕೆ.ಜಿ. ಹಾಲು ಲೀಟರಿಗೆ 35 ರೂಪಾಯಿ, ಆಹಾರ ಕೆ.ಜಿ.ಗೆ 25 ಎಂದು ಹಿಡಿದರೆ (ನಿಮ್ಮೂರಿನ ದರವನ್ನೇ ಹಾಕಿಕೊಳ್ಳಿ) 350ರಲ್ಲಿ 150 ಕಳೆದು 200 ಉಳಿಯಿತು. ದಿನಕ್ಕೆ ಇನ್ನೂರು ಲಾಭ ಎಂದು ಮಗು ಹಿಗ್ಗುತ್ತದೆ. ಹಸಿ ಮೇವು, ಒಣ ಹುಲ್ಲು, ಖನಿಜ ಮಿಶ್ರಣ, ಡಾಕ್ಟರ ಖರ್ಚು, ವಿಮೆ ಇವನ್ನೂ ಬರೆಸಿ. ಮನೆಗೆ ಉಳಿಸಿಕೊಂಡ ಹಾಲನ್ನೂ ಬೆಲೆ ಕಟ್ಟಿ ಆದಾಯಕ್ಕೆ ಸೇರಿಸಿ. ಕೊನೆಗೆ ಅಮ್ಮನ ದುಡಿಮೆ. ಬೆಳಿಗ್ಗೆ ಸಂಜೆ ಸೇರಿ ನೀವು ಎಷ್ಟು ಗಂಟೆ ಕೊಟ್ಟಿಗೆಯಲ್ಲಿರುತ್ತೀರಿ, ಊರಿನ ಕೂಲಿಯಂತೆ ಅದಕ್ಕೆಷ್ಟು? ಆ ಸಾಲನ್ನು ಬರೆದ ಮೇಲೆ ಮಗು ಆ ಇನ್ನೂರನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ.

ಡೇರಿಯ ಚೀಟಿಯನ್ನೂ ಓದಿಸಿ. ಜಿಡ್ಡು 3.5, ಎಸ್‌ಎನ್‌ಎಫ್ 8.5 ಎಂಬ ಅಂಕಿಗಳಿಗೂ ಕೈಗೆ ಬರುವ ಹಣಕ್ಕೂ ಏನು ಸಂಬಂಧ ಎಂದು ಮಕ್ಕಳು ಬೇಗ ಹಿಡಿಯುತ್ತಾರೆ.

ದೊಡ್ಡ ಪಾಠ ಬರುವುದು ಹಾಲು ಬತ್ತಿಸಿದಾಗ. ಕರು ಹಾಕುವ ಮುಂಚಿನ ಸುಮಾರು 60 ದಿನ ಆ ಹಸುವಿನಿಂದ ಬಟವಾಡೆ ಇಲ್ಲ, ಮೇವಿನ ಖರ್ಚು ಮಾತ್ರ ಇದ್ದೇ ಇರುತ್ತದೆ. ಹಾಲು ಬರುವ ತಿಂಗಳುಗಳಲ್ಲಿ ಎತ್ತಿಡದಿದ್ದರೆ ಆಗ ಸಾಲವೇ ಗತಿ. ಬೆದೆ ಒಂದು ಸಲ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ 21 ದಿನದ ಮೇವಿಗೆ ಎಷ್ಟಾಯಿತು ಎಂದು ಅವರೇ ಕೂಡಿಸಲಿ.

ಖೋವಾ ಮಾಡಿ ಮಾರುತ್ತೇನೆ ಎನ್ನುವ ಉತ್ಸಾಹ ಬಂದರೆ ಬೇಡ ಎನ್ನಬೇಡಿ. ಒಂದು ಕೆ.ಜಿ.ಗೆ ಐದಾರು ಲೀಟರ್ ಹಸುವಿನ ಹಾಲು ಬೇಕು. ಸೌದೆ, ಕೈ ಆಡಿಸುತ್ತಾ ನಿಲ್ಲುವ ಹೊತ್ತು ಬೇರೆ. ಮೊದಲು ಬೆಲೆ ಹಾಕಲಿ, ನಾಲ್ಕು ಮನೆಯಲ್ಲಿ ಕೇಳಿ ಬರಲಿ, ಒಲೆ ಆಮೇಲೆ ಹಚ್ಚಲಿ.

ಅಮೆರಿಕದ ಒಹಾಯೊದಲ್ಲಿ 1902ರಲ್ಲಿ ಶುರುವಾದ ಹಳ್ಳಿ ಮಕ್ಕಳ ಸಂಘವೊಂದರಿಂದ ‘ಫೋರ್-ಎಚ್’ ಎಂಬ ದೊಡ್ಡ ಚಳವಳಿ ಬೆಳೆಯಿತು. ಕರು ಸಾಕುವ ಮಗು ಅದರ ಖರ್ಚನ್ನು ತಾನೇ ಬರೆದಿಟ್ಟು, ಜಾತ್ರೆಯಂಥ ಮೇಳಕ್ಕೆ ಕರುವನ್ನು ಹೊಡೆದುಕೊಂಡು ಬರುತ್ತದೆ. ನಮ್ಮಲ್ಲಿ ಕರುವಿಗೆ ಕೊರತೆಯಿಲ್ಲ, ಬರೆದಿಡುವುದಕ್ಕೆ ಮಾತ್ರ ಕೊರತೆ.

ಒಂದು ಮಾತು ಖಾರವಾಗಿಯೇ ಹೇಳಬೇಕು. ಹಲವು ಮನೆಗಳಲ್ಲಿ ಸಗಣಿ ಮಗಳಿಗೆ, ಬಟವಾಡೆ ತರುವುದು ಮಗನಿಗೆ. ವಾರಕ್ಕೊಮ್ಮೆ ಅದಲುಬದಲು ಮಾಡಿ. ಶಾಲೆ ಬಿಡಿಸಿ ಕೆಲಸ ಮಾಡಿಸುವುದಂತೂ ಕೂಡದು. 14 ವರ್ಷದೊಳಗಿನವರು ಮನೆಯ ಕಸುಬಿಗೆ ನೆರವಾಗುವುದಿದ್ದರೂ ಶಾಲೆಯ ಹೊತ್ತಿನ ಆಚೆಗೆ, ರಜೆಯಲ್ಲಿ ಮಾತ್ರ ಎನ್ನುತ್ತದೆ ಕಾನೂನು.

ಲೆಕ್ಕ ಬರೆದದ್ದಕ್ಕೆ ಒಂದು ಪಾಲು ಗೊತ್ತುಮಾಡಿ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಆಧಾರ್ ಹಿಡಿದು ಬ್ಯಾಂಕಿಗೆ ಜೊತೆಯಲ್ಲಿ ಹೋಗಿ. ಚಲನ್ನನ್ನು ಮಾತ್ರ ಮಗುವೇ ತುಂಬಲಿ.